ಹಳೆಯ ಕಂಪ್ಯೂಟರಿಗೆ ಯಾವ ಮದ್ದು?



ನಿಮ್ಮ ಮನೆಯ ಮೂಲೆಯಲ್ಲಿ ಎಂಟು ಹತ್ತು ವರ್ಷಗಳ ಹಿಂದೆ ಕೊಂಡ ಒಂದು ಕಂಪ್ಯೂಟರು ಇದೆಯೆಂದು ಭಾವಿಸಿಕೊಂಡು ಈ ಮಾತುಗಳನ್ನು ಆರಂಭಿಸುತ್ತೇನೆ. ಮಗನ ಓದಿಗೋ ಮಗಳ ಕಾಲೇಜಿನ ಕೆಲಸಕ್ಕೋ ಎಂದು ಅದನ್ನು ತಂದಿರಿ. ಮಕ್ಕಳು ಓದು ಮುಗಿಸಿ ಊರು ಬಿಟ್ಟರು. ಕಂಪ್ಯೂಟರು ನಿಮ್ಮ ಪಾಲಿಗೆ ಉಳಿಯಿತು. ಬೆಳಗ್ಗೆ ಎದ್ದು ಅದರ ಗುಂಡಿಯನ್ನೊತ್ತಿ, ಅಡುಗೆಮನೆಗೆ ಹೋಗಿ ಕಾಫಿ ಕುಡಿದು, ಪತ್ರಿಕೆಯ ಮೊದಲನೆಯ ಪುಟವನ್ನು ಓದಿ ಮುಗಿಸಿ ಬಂದು ನೋಡಿದರೂ ಅದು ಇನ್ನೂ ಪೂರ್ತಿ ಎಚ್ಚರವಾಗಿರುವುದಿಲ್ಲ. ಒಂದು ಕಾಗದ ಬರೆಯಹೊರಟರೆ ನೀವು ಒತ್ತಿದ ಅಕ್ಷರ ಎರಡು ಕ್ಷಣ ತಡೆದು ತೆರೆಯ ಮೇಲೆ ಮೂಡುತ್ತದೆ. ಹೊಸದನ್ನು ಕೊಳ್ಳೋಣವೆಂದರೆ ಮನೆಯ ಆಯವ್ಯಯ ಒಪ್ಪುವುದಿಲ್ಲ. ಆಗ ಮನಸ್ಸಿಗೆ ಬರುವ ಉಪಾಯ ಒಂದೆ: ಇದನ್ನು ಚುರುಕು ಮಾಡುವ ತಂತ್ರಾಂಶವೊಂದನ್ನು ಹುಡುಕಿ ಹಾಕಿಸುವುದು.

ಕನ್ನಡ ಪಂಡಿತನಾದ ನಾನು ಗಣಕಯಂತ್ರವೆನ್ನದೆ ಕಂಪ್ಯೂಟರು ಎನ್ನುತ್ತಿರುವುದನ್ನು ಕಂಡು ಯಾರೂ ಬೇಸರಿಸಬಾರದು. ಗಣಕಯಂತ್ರವೆಂಬುದು ಪಾಠಪುಸ್ತಕದಲ್ಲಿದೆ, ಮನೆಯಲ್ಲಿ ಹಾಗೆ ಕರೆಯುವವರನ್ನು ನಾನಿನ್ನೂ ಕಂಡಿಲ್ಲ. ತಂತ್ರಾಂಶವೆಂಬ ಪದವನ್ನು ಮಾತ್ರ ಬಿಡಲಾರೆ. ತಂತ್ರವೆಂದರೆ ಕ್ರಮವಾದ ವಿಧಾನವೆಂದೂ ಅರ್ಥ, ಹೂಟವೆಂದೂ ಅರ್ಥ. ಕಂಪ್ಯೂಟರನ್ನು ಚುರುಕು ಮಾಡುತ್ತೇವೆಂದು ಹೇಳಿಕೊಳ್ಳುವ ತಂತ್ರಾಂಶಗಳಲ್ಲಿ ಈ ಎರಡು ಬಗೆಯವೂ ಇವೆ. ಯಾವುದು ಯಾವ ಬಗೆಯದೆಂದು ತಿಳಿದುಕೊಳ್ಳುವುದಕ್ಕೆ ನಾನು ತೆತ್ತ ಬೆಲೆ ಸಣ್ಣದಲ್ಲ.

ನನ್ನ ಕಂಪ್ಯೂಟರು 2014ರದು. 4 ಜಿಬಿ ಸ್ಮೃತಿ, 500 ಜಿಬಿಯ ಹಾರ್ಡ್ ಡಿಸ್ಕ್. ನಾನು ಪ್ರತಿ ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ಮನೆಯಲ್ಲಿರುವ ಅಜ್ಜಿ ತಾತಂದಿರನ್ನು ಕೇಳಿ, ಹೊಲ, ಕಣ, ಕೊಟ್ಟಿಗೆ, ಅಡುಗೆಮನೆಗಳಿಗೆ ಸೇರಿದ ಪದಗಳನ್ನು ಅರ್ಥಸಹಿತ ಬರೆದು ತರಬೇಕು. ಮೇಣಿ, ಕೂರಿಗೆ, ಹಗೇವು, ವಾಡೆ, ಮೇಟಿ ಮುಂತಾದ ಪದಗಳು ನಿಘಂಟಿನಲ್ಲಿಯೂ ಸಿಕ್ಕಾವು. ಆದರೆ ಯಾವ ಊರಿನಲ್ಲಿ ಯಾರ ಬಾಯಲ್ಲಿ ಅದು ಹೇಗೆ ಉಳಿದಿದೆ ಎಂಬುದು ನಿಘಂಟಿನಲ್ಲಿ ಸಿಕ್ಕುವುದಿಲ್ಲ. ಮಕ್ಕಳು ತಂದದ್ದನ್ನು ಶಾಲೆಯಲ್ಲಿ ನುಡಿ ತಂತ್ರಾಂಶದಿಂದ ಬೆರಳಚ್ಚು ಮಾಡಿಸಿ, ಮಿಂಚಂಚೆಯಲ್ಲಿ ಮನೆಗೆ ಕಳಿಸಿಕೊಂಡು, ಅಲ್ಲಿ ಕೂತು ತಿದ್ದುತ್ತಿದ್ದೆ. ಮಿಂಚಂಚೆಯಿಂದ ಇಳಿಸಿಕೊಂಡ ಕಡತವು ಡೌನ್‌ಲೋಡ್ಸ್ ಎಂಬ ಕೋಶಕ್ಕೆ ಹೋಗಿ ಕೂರುತ್ತದೆ. ಅದನ್ನು ಅಲ್ಲಿಂದ ಎತ್ತಿ ಬೇರೆ ಕಡೆ ಇಡಬೇಕೆಂಬ ಜ್ಞಾನ ನನಗಿರಲಿಲ್ಲ. ಅಲ್ಲಿಯೆ ತೆರೆದು, ಅಲ್ಲಿಯೆ ತಿದ್ದಿ, ಅಲ್ಲಿಯೆ ಬಿಟ್ಟಿದ್ದೆ. ಅಂಚೆಯ ಪೆಟ್ಟಿಗೆ ತುಂಬಿತೆಂದು ಮೂಲ ಅಂಚೆಗಳನ್ನೂ ಅಳಿಸಿಬಿಟ್ಟಿದ್ದೆ.

2022ರ ಬೇಸಗೆ ರಜದಲ್ಲಿ, ಕಂಪ್ಯೂಟರಿನ ಮಂದಗತಿ ಸಹಿಸಲಾರದೆ, ಅಂತರಜಾಲದಲ್ಲಿ ಕಂಡ ಒಂದು ಜಾಹೀರಾತನ್ನು ನಂಬಿ ಒಂದು ತಂತ್ರಾಂಶವನ್ನು ಇಳಿಸಿಕೊಂಡೆ. ಅದರ ಹೆಸರು ಇಲ್ಲಿ ಬೇಡ. ಅದು ಎರಡು ನಿಮಿಷ ಪರೀಕ್ಷೆ ಮಾಡಿ, ಕೆಂಪಕ್ಷರದಲ್ಲಿ, ನಿಮ್ಮ ಕಂಪ್ಯೂಟರಿನಲ್ಲಿ ಸಾವಿರದ ಮುನ್ನೂರು ಚಿಲ್ಲರೆ ದೋಷಗಳಿವೆಯೆಂದು ಸಾರಿತು. ನಾನು ಮೂವತ್ತು ವರ್ಷಗಳಿಂದ ಉತ್ತರಪತ್ರಿಕೆ ತಿದ್ದುತ್ತಿರುವವನು. ಎಂಥ ದಡ್ಡ ಹುಡುಗನ ಪತ್ರಿಕೆಯಲ್ಲಿಯೂ ಅಷ್ಟು ತಪ್ಪು ಕಂಡವನಲ್ಲ. ಹೌಹಾರಿದೆ. ಯಾವ ಯಾವುದನ್ನು ಶುಚಿ ಮಾಡಬೇಕೆಂದು ಅದು ಚೌಕಗಳ ಒಂದು ಪಟ್ಟಿಯನ್ನು ಮುಂದಿಟ್ಟಿತು. ಪಟ್ಟಿಯನ್ನು ಓದುವ ತಾಳ್ಮೆಯಿಲ್ಲದೆ ಎಲ್ಲ ಚೌಕಗಳಿಗೂ ಗುರುತು ಹಾಕಿದೆ. ಅವುಗಳಲ್ಲಿ ಡೌನ್‌ಲೋಡ್ಸ್ ಎಂಬುದೂ ಒಂದು.

ಕಂಪ್ಯೂಟರು ಚುರುಕಾಯಿತೆ? ಇಲ್ಲ. ಮಾರನೆಯ ದಿನವೂ ಕಾಫಿ ಕುಡಿದು ಬಂದಾಗ ಅದು ಹಾಗೆಯೆ ಇತ್ತು. ಬದಲಿಗೆ ಪ್ರತಿಸಾರಿಯೂ ಆರಂಭದಲ್ಲಿ ಈ ಹೊಸ ತಂತ್ರಾಂಶವೂ ಎದ್ದು ಕೂತು ಇನ್ನಷ್ಟು ತಡಮಾಡತೊಡಗಿತು. ಮೂರು ವರ್ಷದ ಪದಸಂಗ್ರಹ ಹೋಗಿರುವುದು ನನಗೆ ಗೊತ್ತಾದದ್ದು ಹದಿನೈದು ದಿನದ ಮೇಲೆ.

ಊರಿನ ಬಸ್ ನಿಲ್ದಾಣದ ಬೀದಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಕನ್ನಡದಲ್ಲಿ ಎಂದೂ ಐವತ್ತು ಅಂಕ ದಾಟಿದವನಲ್ಲ. ಪೆಟ್ಟಿಗೆಯನ್ನು ಹೊತ್ತು ಅವನ ಮುಂದೆ ಇಟ್ಟೆ.

“ಸಾರ್, ಹೋದದ್ದು ಗೊತ್ತಾದ ತಕ್ಷಣ ಆಫ್ ಮಾಡಿದ್ರಾ?” ಎಂದು ಕೇಳಿದ.

“ಇಲ್ಲಪ್ಪ, ಹದಿನೈದು ದಿನದಿಂದ ದಿನಾಲೂ ಉಪಯೋಗಿಸ್ತಾ ಇದ್ದೆ.”

ಅವನು ತಲೆಯಾಡಿಸಿದ. ಅಂದು ಅವನು ನನಗೆ ತಿಳಿಯಹೇಳಿದ ಮೊದಲ ಪಾಠವಿದು. ಹಾರ್ಡ್ ಡಿಸ್ಕಿನಲ್ಲಿ ಒಂದು ಕಡತವನ್ನು ಅಳಿಸಿದರೆ ಅದರ ಅಕ್ಷರಗಳು ಒಡನೆಯೆ ಮಾಯವಾಗುವುದಿಲ್ಲ. ಅದು ಕೂತಿದ್ದ ಜಾಗ ಖಾಲಿಯೆಂದು ಪಟ್ಟಿಯಲ್ಲಿ ಗುರುತಾಗುತ್ತದೆ, ಅಷ್ಟೆ. ಆ ಜಾಗದಲ್ಲಿ ಬೇರೊಂದು ಬರಹ ಬಂದು ಕೂರುವವರೆಗೆ ಹಳೆಯದನ್ನು ಹೆಕ್ಕಿ ತೆಗೆಯುವ ಸಾಧನಗಳುಂಟು. ಬಂದು ಕೂತಮೇಲೆ ಇಲ್ಲ. ಆದ್ದರಿಂದ ಬೇಕಾದ ಕಡತ ಅಳಿಸಿಹೋಯಿತೆಂದು ತಿಳಿದ ಕ್ಷಣವೆ ಕಂಪ್ಯೂಟರನ್ನು ನಿಲ್ಲಿಸಿ, ತಿಳಿದವರ ಬಳಿಗೆ ಒಯ್ಯಬೇಕು. ಹೊಸ ಕಾಲದ ಎಸ್‌ಎಸ್‌ಡಿ ಎಂಬ ಸಂಗ್ರಹದಲ್ಲಿ ಈ ಅವಕಾಶವೂ ಕಡಮೆ. ಅಳಿಸಿದ ಜಾಗವನ್ನು ಅದು ತಾನಾಗಿಯೆ ಬೇಗ ತೊಳೆದಿಟ್ಟುಬಿಡುತ್ತದೆ.

ಎರಡನೆಯ ಪಾಠ, ಕಂಪ್ಯೂಟರು ಏತಕ್ಕೆ ನಿಧಾನವಾಗುತ್ತದೆ ಎಂಬುದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದು ತಿಳಿಯದೆ ತಂತ್ರಾಂಶವನ್ನು ಆರಿಸುವುದೆಂದರೆ ನಾಡಿ ನೋಡದೆ ಕಷಾಯ ಕುಡಿಸಿದಂತೆ.

ಉಪಾಧ್ಯಾಯನ ಮೇಜನ್ನೂ ಅವನ ಕೋಣೆಯ ಬೀರುವನ್ನೂ ಊಹಿಸಿಕೊಳ್ಳಿ. ರ‍್ಯಾಮ್ ಎಂದು ಕರೆಯುವ ಸ್ಮೃತಿಯೆ ಮೇಜು. ಹಾರ್ಡ್ ಡಿಸ್ಕೇ ಬೀರು. ಕೆಲಸ ನಡೆಯುವುದು ಮೇಜಿನ ಮೇಲೆ. ಬೇಕಾದ ಪುಸ್ತಕವನ್ನು ಬೀರುವಿನಿಂದ ತಂದು ಮೇಜಿನ ಮೇಲೆ ಬಿಡಿಸಿಕೊಳ್ಳಬೇಕು. ಮೇಜು ಚಿಕ್ಕದಾದರೆ ಒಂದು ಪುಸ್ತಕ ತರುವುದಕ್ಕೆ ಮೊದಲು ಇನ್ನೊಂದನ್ನು ಬೀರುವಿಗೆ ಕೊಂಡೊಯ್ಯಬೇಕು. 4 ಜಿಬಿಯ ಮೇಜಿನ ಸುಮಾರು ಅರ್ಧವನ್ನು ವಿಂಡೋಸ್ 10 ತಾನೇ ಹಾಸಿಕೊಂಡು ಕೂರುತ್ತದೆ. ಉಳಿದರ್ಧದಲ್ಲಿ ಅಂತರಜಾಲದ ಹತ್ತು ಪುಟಗಳನ್ನು ತೆರೆದಿಟ್ಟರೆ ಮೇಜು ತುಂಬಿತು. ಆಮೇಲೆ ಎಲ್ಲ ಕೆಲಸವೂ ಬೀರುವಿಗೂ ಮೇಜಿಗೂ ನಡುವಣ ಓಡಾಟವೆ.

ಈ ಬೀರುವಾದರೂ ಎಂಥದು? ಹಳೆಯ ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳು ತಿರುಗುತ್ತಿರುತ್ತವೆ. ಸಾಮಾನ್ಯವಾಗಿ ಮಡಿಲ ಮೇಲಿಡುವ ಯಂತ್ರಗಳಲ್ಲಿ ನಿಮಿಷಕ್ಕೆ 5400 ಸುತ್ತು. ಮೇಜಿನ ಯಂತ್ರಗಳಲ್ಲಿ ಹೆಚ್ಚಾಗಿ 7200. ಗ್ರಾಮಫೋನಿನ ತೋಳಿನಂಥದೊಂದು ಕಡ್ಡಿ ಅವುಗಳ ಮೇಲೆ ಆಚೀಚೆ ಸರಿದು ಓದಬೇಕು. 5400 ಸುತ್ತೆಂದರೆ ಸೆಕೆಂಡಿಗೆ 90. ಬೇಕಾದ ಭಾಗ ಕಡ್ಡಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೇ ಐದೂವರೆ ಮಿಲಿಸೆಕೆಂಡು. ಕಡ್ಡಿ ಸರಿಯುವ ಹೊತ್ತನ್ನೂ ಸೇರಿಸಿದರೆ ಒಂದೊಂದು ಸಲದ ಹುಡುಕಾಟಕ್ಕೆ ಸೆಕೆಂಡಿನ ನೂರನೆಯ ಒಂದು ಪಾಲೋ ಅದಕ್ಕೂ ಹೆಚ್ಚೋ ಹಿಡಿಯುತ್ತದೆ. ಕೇಳುವುದಕ್ಕೆ ಇದು ಅತ್ಯಲ್ಪ. ಆದರೆ ಕಂಪ್ಯೂಟರು ಎಚ್ಚರವಾಗುವಾಗ ಇಂಥ ಹುಡುಕಾಟಗಳು ಸಾವಿರಗಟ್ಟಲೆ ನಡೆಯುತ್ತವೆ. ನಿಮ್ಮ ಕಾಫಿಯ ಹೊತ್ತು ಕಳೆಯುವುದು ಇಲ್ಲಿ. ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಕಡ್ಡಿಯೂ ಇಲ್ಲ. ಅದೇ ಹುಡುಕಾಟ ಅದರಲ್ಲಿ ನೂರು ಪಾಲು ಬೇಗ ಮುಗಿಯುತ್ತದೆ.

ಇನ್ನು ಮೂರನೆಯ ಕಾರಣ, ಕರೆಯದೆ ಬರುವ ಅತಿಥಿಗಳು. ವರ್ಷಗಳುದ್ದಕ್ಕೂ ನೀವು ಹಾಕಿದ ಒಂದೊಂದು ತಂತ್ರಾಂಶವೂ, ಯಂತ್ರ ಎಚ್ಚರವಾದೊಡನೆ ತಾನೂ ಎದ್ದು ಹಿನ್ನೆಲೆಯಲ್ಲಿ ಕುಳಿತಿರುವಂತೆ ಏರ್ಪಾಡು ಮಾಡಿಕೊಂಡಿರುತ್ತದೆ. ಮುದ್ರಣಯಂತ್ರದೊಡನೆ ಬಂದದ್ದೊಂದು, ಕ್ಯಾಮರಾದೊಡನೆ ಬಂದದ್ದೊಂದು, ಅವಧಿ ಮುಗಿದ ವೈರಸ್ ನಿರೋಧಕ ಒಂದು, ಮಗ ಆಡುತ್ತಿದ್ದ ಆಟದ್ದೊಂದು. ಮಗ ಬೆಂಗಳೂರು ಸೇರಿ ಐದು ವರ್ಷವಾಗಿರಬಹುದು. ಅವನ ಆಟ ದಿನವೂ ಬೆಳಗ್ಗೆ ತಪ್ಪದೆ ಏಳುತ್ತಿರುತ್ತದೆ.

ಧೂಳಿನ ಮಾತನ್ನೂ ಮರೆಯಬಾರದು. ಒಳಗಿನ ಬೀಸಣಿಗೆ ಕೆಂಧೂಳಿನಿಂದ ಕಟ್ಟಿಕೊಂಡರೆ ಪ್ರೊಸೆಸರು ಕಾಯುತ್ತದೆ. ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅದಕ್ಕೆ ಯಾವ ತಂತ್ರಾಂಶವೂ ಬೇಡ, ವಿದ್ಯುತ್ತಿನ ತಂತಿ ಕಳಚಿ ಮೆತ್ತನೆಯ ಒಂದು ಕುಂಚ ಹಿಡಿದರೆ ಸಾಕು.

ನಿಮ್ಮ ಯಂತ್ರದ ರೋಗ ಯಾವುದೆಂದು ತಿಳಿಯಲು ಕಾಸು ಖರ್ಚಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಇದು ವಿಂಡೋಸಿನೊಳಗೆ ಮೊದಲಿನಿಂದ ಇರುವುದೆ. ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಅಂಕಣಗಳಲ್ಲಿ ಶೇಕಡಾ ಲೆಕ್ಕ ಕಾಣುತ್ತದೆ. ಯಂತ್ರ ಎಚ್ಚರವಾಗಿ ಹತ್ತು ನಿಮಿಷವಾದರೂ ಡಿಸ್ಕಿನ ಅಂಕಣ ನೂರರ ಹತ್ತಿರವೇ ನಿಂತಿದ್ದರೆ ದಣಿದಿರುವುದು ಬೀರು. ಮೆಮೊರಿ ತೊಂಬತ್ತರ ಮೇಲಿದ್ದರೆ ಮೇಜು ಸಾಲದು. ಅಲ್ಲಿಯೆ ಸ್ಟಾರ್ಟಪ್ ಎಂಬ ಪುಟವುಂಟು. ಕರೆಯದೆ ಬರುವ ಅತಿಥಿಗಳ ಪಟ್ಟಿ ಅಲ್ಲಿದೆ. ಒಂದೊಂದರ ಮೇಲೂ ಬಲಗುಂಡಿ ಒತ್ತಿ ಡಿಸೇಬಲ್ ಎಂದರೆ ಆ ತಂತ್ರಾಂಶ ಅಳಿಯುವುದಿಲ್ಲ, ಕರೆದಾಗ ಮಾತ್ರ ಬರುತ್ತದೆ. ವೈರಸ್ ನಿರೋಧಕವನ್ನೂ, ಧ್ವನಿ ಮತ್ತು ಸ್ಪರ್ಶಫಲಕಗಳಿಗೆ ಸಂಬಂಧಿಸಿದವನ್ನೂ ಮುಟ್ಟಬೇಡಿ. ಹೆಸರು ತಿಳಿಯದ್ದನ್ನೂ ಮುಟ್ಟಬೇಡಿ. ಮೊದಲು ಅದೇನೆಂದು ವಿಚಾರಿಸಿ. ನನ್ನ ಯಂತ್ರದಲ್ಲಿ ಇಂಥ ಹದಿನಾಲ್ಕು ಅತಿಥಿಗಳಿದ್ದರು. ಹನ್ನೊಂದು ಮಂದಿಗೆ ಬೀಳ್ಕೊಡುಗೆ ಆಯಿತು.

ಇನ್ನೊಂದು ಸಣ್ಣ ಸಂಗತಿ. ವಿಂಡೋಸ್ 8ರಿಂದ ಈಚೆಗೆ, ಯಂತ್ರವನ್ನು ಶಟ್‌ಡೌನ್ ಮಾಡಿದರೆ ಅದು ಪೂರ್ತಿ ಮಲಗುವುದಿಲ್ಲ. ಮಾರನೆಯ ದಿನ ಬೇಗ ಏಳಲೆಂದು ಒಳಗಿನ ಸ್ಥಿತಿಯ ಒಂದು ಭಾಗವನ್ನು ಬರೆದಿಟ್ಟುಕೊಂಡಿರುತ್ತದೆ. ಹೊಸದಾಗಿ ಆರಂಭವಾಗಬೇಕಾದರೆ ರೀಸ್ಟಾರ್ಟ್ ಎಂಬುದನ್ನೇ ಒತ್ತಬೇಕು. ವಾರಕ್ಕೊಮ್ಮೆ ಹೀಗೆ ಮಾಡಿದರೆ ಎಷ್ಟೋ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ.

ಈಗ ತಂತ್ರಾಂಶಗಳ ಆಯ್ಕೆಗೆ ಬರೋಣ. ಅಂಗಡಿಯಲ್ಲಿ ಅವು ನಾನಾ ವೇಷದಲ್ಲಿ ನಿಂತಿವೆ.

ಕಸ ಗುಡಿಸುವ ಬಗೆಯದು ಮೊದಲನೆಯದು. ತಾತ್ಕಾಲಿಕ ಕಡತಗಳನ್ನೂ ಹಳೆಯ ಉಳಿಕೆಗಳನ್ನೂ ಅಳಿಸಿ ಜಾಗ ಮಾಡಿಕೊಡುತ್ತದೆ. ಡಿಸ್ಕು ಕಂಠಮಟ್ಟ ತುಂಬಿದ್ದರೆ ಇದರಿಂದ ನಿಜವಾದ ಉಪಕಾರವುಂಟು. ಅರ್ಧ ಖಾಲಿಯಿದ್ದರೆ ವೇಗದಲ್ಲಿ ನಿಮಗೆ ವ್ಯತ್ಯಾಸವೇ ತಿಳಿಯಲಾರದು. ಈ ಕೆಲಸಕ್ಕೆ ಹೊರಗಿನದು ಬೇಕಾಗಿಯೂ ಇಲ್ಲ. ವಿಂಡೋಸ್ 10 ಮತ್ತು 11ರ ಸೆಟ್ಟಿಂಗ್ಸ್ ಒಳಗೆ ಸಿಸ್ಟಮ್, ಅದರೊಳಗೆ ಸ್ಟೋರೇಜ್, ಅದರೊಳಗೆ ಟೆಂಪೊರರಿ ಫೈಲ್ಸ್ ಎಂಬ ಜಾಗವಿದೆ. ಅಲ್ಲಿಯೂ ಡೌನ್‌ಲೋಡ್ಸ್ ಎಂಬ ಚೌಕ ಕಾಣುತ್ತದೆ. ಅದಕ್ಕೆ ಗುರುತು ಹಾಕಬೇಡಿ ಎಂದು ನಾನಲ್ಲದೆ ಇನ್ನಾರು ಹೇಳಬೇಕು? ಹೊರಗಿನದೇ ಬೇಕೆಂದರೆ, 2008ರಿಂದ ಇರುವ ಬ್ಲೀಚ್‌ಬಿಟ್ ಎಂಬುದೊಂದುಂಟು. ಅದಕ್ಕೆ ಬೆಲೆಯಿಲ್ಲ, ಅದರ ಮೂಲಬರಹ ಎಲ್ಲರ ಪರಿಶೀಲನೆಗೂ ತೆರೆದಿದೆ, ಏನನ್ನು ಅಳಿಸುವುದೆಂಬುದನ್ನು ಮೊದಲೇ ಪಟ್ಟಿಮಾಡಿ ತೋರಿಸುತ್ತದೆ. ಜಾಗವನ್ನು ಯಾವುದು ತಿನ್ನುತ್ತಿದೆಯೆಂದು ಚಿತ್ರ ಬರೆದು ತೋರಿಸುವ ವಿನ್‌ಡರ್‌ಸ್ಟಾಟ್ ಎಂಬುದೂ ಬೆಲೆಯಿಲ್ಲದ್ದು. ಹೆಚ್ಚಿನ ಮನೆಗಳಲ್ಲಿ ಜಾಗ ತಿಂದಿರುವುದು ಕಸವಲ್ಲ, ಮದುವೆಯ ವಿಡಿಯೊ. ಅದರ ಮೂರು ನಾಲ್ಕು ಪ್ರತಿಗಳು.

ಎರಡನೆಯದು ರಿಜಿಸ್ಟ್ರಿ ಶುಚಿಕಾರಕ. ರಿಜಿಸ್ಟ್ರಿಯೆಂದರೆ ವಿಂಡೋಸಿನ ದಫ್ತರ; ಯಾವ ತಂತ್ರಾಂಶ ಎಲ್ಲಿದೆ, ಹೇಗೆ ನಡೆಯಬೇಕು ಎಂಬ ಲಕ್ಷಾಂತರ ನಮೂದುಗಳು ಅದರಲ್ಲಿವೆ. ಅದರಲ್ಲಿ ಹಳೆಯ ನಮೂದು ಕೆಲವು ನೂರು ಉಳಿದಿದ್ದರೆ ವೇಗಕ್ಕೆ ಕುಂದೇನೂ ಇಲ್ಲ. ದಫ್ತರದಿಂದ ಒಂದು ತಪ್ಪು ಹಾಳೆ ಹರಿದರೆ ಮಾತ್ರ ಯಂತ್ರವೇ ಏಳದಿರಬಹುದು. ವಿಂಡೋಸನ್ನು ಮಾಡಿದ ಮೈಕ್ರೋಸಾಫ್ಟ್ ಸಂಸ್ಥೆಯೆ ಇಂಥ ಶುಚಿಕಾರಕಗಳನ್ನು ತಾನು ಬೆಂಬಲಿಸುವುದಿಲ್ಲವೆಂದು ಹೇಳಿದೆ. ಸಾವಿರದ ಮುನ್ನೂರು ದೋಷವೆಂದು ನನ್ನನ್ನು ಹೆದರಿಸಿದ್ದರಲ್ಲಿ ಬಹುಪಾಲು ಇಂಥ ನಮೂದುಗಳೇ ಆಗಿದ್ದವೆಂದು ಆಮೇಲೆ ತಿಳಿಯಿತು.

ಸ್ಮೃತಿಯನ್ನು ಹಿಗ್ಗಿಸುತ್ತೇವೆನ್ನುವ ರ‍್ಯಾಮ್ ಬೂಸ್ಟರುಗಳ ವಿಷಯದಲ್ಲಿ ಹೆಚ್ಚು ಮಾತು ಬೇಡ. ಮೇಜಿನ ಮೇಲಿನ ಪುಸ್ತಕಗಳನ್ನೆಲ್ಲ ಬೀರುವಿಗೆ ಎಸೆದು ಮೇಜು ಖಾಲಿಯಾಯಿತೆಂದು ತೋರಿಸುತ್ತವೆ. ಮರುಕ್ಷಣ ಅದೇ ಪುಸ್ತಕ ಬೇಕಾಗಿ ಎದ್ದುಹೋಗಿ ತರಬೇಕು. ಡ್ರೈವರುಗಳನ್ನು ಹೊಸದು ಮಾಡುತ್ತೇವೆಂಬ ತಂತ್ರಾಂಶಗಳೂ ಹಳೆಯ ಯಂತ್ರಕ್ಕೆ ಬೇಡ. ಬೇಕಾದದ್ದು ವಿಂಡೋಸಿನ ಅಪ್‌ಡೇಟಿನಲ್ಲಿಯೋ ಯಂತ್ರ ತಯಾರಿಸಿದವರ ತಾಣದಲ್ಲಿಯೋ ಸಿಕ್ಕುತ್ತದೆ. ಚದರಿದ ಕಡತಗಳನ್ನು ಒತ್ತಟ್ಟಿಗೆ ಜೋಡಿಸುವ ಡಿಫ್ರಾಗ್ ಎಂಬುದು ತಟ್ಟೆ ತಿರುಗುವ ಡಿಸ್ಕಿಗೆ ಒಳ್ಳೆಯದೆ. ಆದರೆ ವಿಂಡೋಸ್ ಅದನ್ನು ವಾರಕ್ಕೊಮ್ಮೆ ತಾನೇ ಮಾಡಿಕೊಳ್ಳುತ್ತದೆ. ಎಸ್‌ಎಸ್‌ಡಿಗೆ ಹೊರಗಿನ ಡಿಫ್ರಾಗನ್ನು ಓಡಿಸಬೇಡಿ. ಅದಕ್ಕೆ ಬರೆಯಿಸಿಕೊಳ್ಳುವ ಆಯುಸ್ಸು ಇಷ್ಟೆಂದು ಇದೆ, ಅದು ವ್ಯರ್ಥವಾಗುತ್ತದೆ.

ಹೆಸರು ಕೇಳಿದ ತಂತ್ರಾಂಶವಾದರೆ ಭಯವಿಲ್ಲವಲ್ಲ ಎಂದು ನೀವು ಕೇಳಬಹುದು. ಸಿಕ್ಲೀನರ್ ಎಂಬುದರ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಬಹುಕಾಲ ಅದು ಒಳ್ಳೆಯ ಹೆಸರನ್ನೇ ಪಡೆದಿತ್ತು. 2017ರ ಆಗಸ್ಟಿನಲ್ಲಿ ಬಿಡುಗಡೆಯಾದ ಅದರ 5.33ನೆಯ ಆವೃತ್ತಿಯೊಳಗೆ, ತಯಾರಕರಿಗೇ ತಿಳಿಯದಂತೆ, ಕಳ್ಳರು ತಮ್ಮ ಬರಹವನ್ನು ಸೇರಿಸಿಬಿಟ್ಟಿದ್ದರು. ತಯಾರಕರ ಮುದ್ರೆಯೊಡನೆಯೆ ಅದು ಸುಮಾರು 22 ಲಕ್ಷ ಕಂಪ್ಯೂಟರುಗಳನ್ನು ಸೇರಿತು. ವಿಷಯ ಬಯಲಾದದ್ದು ಸೆಪ್ಟೆಂಬರಿನಲ್ಲಿ. ತಪ್ಪನ್ನು ಆಮೇಲೆ ಸರಿಪಡಿಸಿದರೆನ್ನಿ. ಆದರೆ ಶುಚಿ ಮಾಡುವ ತಂತ್ರಾಂಶಕ್ಕೆ ಮನೆಯ ಎಲ್ಲ ಕೋಣೆಗಳ ಬೀಗದ ಕೈಯನ್ನೂ ಕೊಟ್ಟಿರುತ್ತೇವೆಂಬುದನ್ನು ಆ ಪ್ರಸಂಗ ಎಲ್ಲರಿಗೂ ತೋರಿಸಿತು.

ಹೆದರಿಸಿ ಮಾರುವ ವ್ಯಾಪಾರದ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ಅಮೆರಿಕದಲ್ಲಿ ಆಫೀಸ್ ಡಿಪೊ ಎಂಬ ದೊಡ್ಡ ಅಂಗಡಿಗಳ ಸಮೂಹವೊಂದು ಗಿರಾಕಿಗಳ ಕಂಪ್ಯೂಟರಿಗೆ ಪುಕ್ಕಟೆ ಆರೋಗ್ಯಪರೀಕ್ಷೆ ನಡೆಸುತ್ತಿತ್ತು. ಪರೀಕ್ಷೆಗೆ ಮೊದಲು ನಾಲ್ಕು ಪ್ರಶ್ನೆ: ನಿಮ್ಮ ಯಂತ್ರ ನಿಧಾನವೆ, ಆಗಾಗ ನಿಂತುಹೋಗುತ್ತದೆಯೆ, ಹೀಗೆ. ಇವುಗಳಲ್ಲಿ ಒಂದಕ್ಕೆ ಹೌದೆಂದು ಗುರುತು ಹಾಕಿದರೆ ಸಾಕು, ಪರೀಕ್ಷೆಯಲ್ಲಿ ಏನೇ ಕಂಡಿರಲಿ, ದುಷ್ಟ ತಂತ್ರಾಂಶದ ಲಕ್ಷಣಗಳಿವೆಯೆಂಬ ಫಲಿತಾಂಶ ಬರುತ್ತಿತ್ತು; ಅದರ ಮೇಲೆ ರಿಪೇರಿಯ ಮಾರಾಟ. ಆ ದೇಶದ ವ್ಯಾಪಾರ ಆಯೋಗ ಇದನ್ನು ಹಿಡಿಯಿತು. 2019ರಲ್ಲಿ ಅಂಗಡಿಯವರೂ ಪರೀಕ್ಷೆಯ ತಂತ್ರಾಂಶ ಒದಗಿಸಿದವರೂ ಸೇರಿ 3.5 ಕೋಟಿ ಡಾಲರು ಕೊಟ್ಟು ಮೊಕದ್ದಮೆಯನ್ನು ಮುಗಿಸಿಕೊಂಡರು. ನಿಧಾನವೆಂದು ಹೇಳಿಕೊಂಡು ಬಂದವನನ್ನು ‘ನಿಧಾನವೆ?’ ಎಂದು ಕೇಳಿ, ಅವನ ಉತ್ತರವನ್ನೇ ರೋಗವೆಂದು ಬರೆದುಕೊಟ್ಟ ಈ ವೈದ್ಯವನ್ನು ಏನೆನ್ನಬೇಕು? 2024ರ ಮಾರ್ಚಿನಲ್ಲಿ ಅದೇ ಆಯೋಗ, ರೆಸ್ಟೋರೊ ಮತ್ತು ರೀಇಮೇಜ್ ಎಂಬ ಎರಡು ಸಂಸ್ಥೆಗಳ ಮೇಲಿನ ಇಂಥದೇ ದೂರಿನಲ್ಲಿ 2.6 ಕೋಟಿ ಡಾಲರಿನ ಒಪ್ಪಂದವನ್ನು ಪ್ರಕಟಿಸಿತು. ಮೈಕ್ರೋಸಾಫ್ಟಿನವರಂತೂ 2018ರ ಮಾರ್ಚ್ 1ರಿಂದಲೇ, ಪುಕ್ಕಟೆ ಪರೀಕ್ಷೆಯಲ್ಲಿ ಉತ್ಪ್ರೇಕ್ಷೆಯ ಭಯ ಹುಟ್ಟಿಸಿ ಹಣ ಕೇಳುವ ತಂತ್ರಾಂಶಗಳನ್ನು ಬೇಡದವುಗಳ ಪಟ್ಟಿಗೆ ಸೇರಿಸಿ ತೆಗೆದುಹಾಕುವ ಕ್ರಮ ಕೈಗೊಂಡರು.

ಇಷ್ಟನ್ನು ಕೇಳಿದ ಮೇಲೆ ಆಯ್ಕೆಯ ಬಗೆ ಸುಲಭವಾಗಿ ಹೊಳೆಯುತ್ತದೆ. ಏನನ್ನು ಅಳಿಸುತ್ತೇನೆಂದು ಮೊದಲೇ ಹೆಸರು ಹೆಸರಾಗಿ ತೋರಿಸದ ತಂತ್ರಾಂಶವನ್ನು ಹತ್ತಿರ ಸೇರಿಸಬೇಡಿ. ದೋಷಗಳನ್ನು ಸಾವಿರದ ಲೆಕ್ಕದಲ್ಲಿ ಎಣಿಸಿ, ಗಡಿಯಾರ ಓಡಿಸಿ, ಈಗಲೇ ಹಣ ಕೊಡೆನ್ನುವುದು ಹೂಟದ ಜಾತಿಯದು. ತಯಾರಕರ ತಾಣದಿಂದಲೋ ಮೈಕ್ರೋಸಾಫ್ಟಿನ ಅಂಗಡಿಯಿಂದಲೋ ಇಳಿಸಿಕೊಳ್ಳಿ. ಹುಡುಕಿದಾಗ ಮೊದಲು ಕಾಣುವುದು ಎಷ್ಟೋ ವೇಳೆ ಹಣ ತೆತ್ತು ಹಾಕಿಸಿದ ಜಾಹೀರಾತು. ಹಾಕಿಕೊಳ್ಳುವಾಗ ಪ್ರತಿಯೊಂದು ಹಾಳೆಯನ್ನೂ ಓದಿ. ಜೊತೆಯಲ್ಲಿ ಇನ್ನೆರಡು ತಂತ್ರಾಂಶ ನುಸುಳಲು ಹೊಂಚುತ್ತಿರುತ್ತವೆ. ಸ್ಟಾರ್ಟಪ್ ಪಟ್ಟಿಯನ್ನು ಇನ್ನೂ ಆಳವಾಗಿ ನೋಡಬೇಕೆನ್ನುವವರಿಗೆ ಸಿಸ್‌ಇಂಟರ್ನಲ್ಸ್ ಎಂಬವರ ಆಟೋರನ್ಸ್ ಇದೆ. 2006ರಲ್ಲಿ ಅವರ ಸಂಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಅದು ಬಹಳ ಶಕ್ತವಾದ ಸಾಧನ. ಆ ಕಾರಣಕ್ಕಾಗಿಯೇ ನನ್ನಂಥವರು ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆರೆಯಬೇಕು. ಯಾವುದನ್ನು ಹಾಕಿಕೊಂಡರೂ, ಕೆಲಸ ಮುಗಿದ ಮೇಲೆ ಅದೇ ಸ್ಟಾರ್ಟಪ್ ಪಟ್ಟಿಯಲ್ಲಿ ಸೇರಿಕೊಂಡಿದೆಯೆ ಎಂದು ಒಮ್ಮೆ ನೋಡಿ.

ಕನ್ನಡದಲ್ಲಿ ಬರೆಯುವವರಿಗೆ ಪ್ರತ್ಯೇಕವಾಗಿ ಒಂದು ಮಾತು ಹೇಳಬೇಕಾಗಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಕಾಲದ ಅಕ್ಷರಗಳಲ್ಲಿ, ಎಂದರೆ ಯೂನಿಕೋಡ್ ಬಳಕೆಗೆ ಬರುವುದಕ್ಕೆ ಹಿಂದಿನ ಕ್ರಮದಲ್ಲಿ, ಬರೆದ ಕಡತಗಳು ನಿಮ್ಮಲ್ಲಿರಬಹುದು. ರಿಪೇರಿಯವನು ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿಕೊಟ್ಟರೆ ಯಂತ್ರವೇನೋ ಚುರುಕಾಗುತ್ತದೆ. ಹಳೆಯ ಕಡತವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಎದೆಯೊಡೆದುಕೊಳ್ಳಬೇಡಿ, ಕಡತ ಕೆಟ್ಟಿಲ್ಲ. ಆ ಅಕ್ಷರಗಳ ಫಾಂಟು ಹೋಗಿದೆ. ಅದನ್ನು ಮತ್ತೆ ಹಾಕಿದರೆ ಬರಹ ಮೊದಲಿನಂತೆ ಕಾಣುತ್ತದೆ. ನಮ್ಮ ಶಾಲೆಯ ಗುಮಾಸ್ತರೊಬ್ಬರು ಇದು ತಿಳಿಯದೆ ಒಂದು ಕೋಶವನ್ನೇ ಅಳಿಸಿಬಿಟ್ಟಿದ್ದರು. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳೂ ಇವೆ. ಬಿಡುವಿದ್ದಾಗ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಮಾತ್ರ ಕಣ್ಣಿಟ್ಟು ತಿದ್ದಬೇಕು. ಶುಚಿ ಮಾಡುವ ಯಾವ ಕೆಲಸಕ್ಕೂ ಮೊದಲು ನಿಮ್ಮ ಬರಹ, ಚಿತ್ರಗಳನ್ನು ಒಂದು ಪೆನ್‌ಡ್ರೈವಿಗೋ ಹೊರಗಿನ ಡಿಸ್ಕಿಗೋ ನಕಲು ಮಾಡಿ, ಅದನ್ನು ಯಂತ್ರದಿಂದ ಕಳಚಿ ಬೀರುವಿನಲ್ಲಿಡಿ. ನಿಜವಾದ ಬೀರುವಿನಲ್ಲಿ.

ಕೊನೆಗೆ ನನ್ನ ಯಂತ್ರ ಚುರುಕಾದದ್ದು ಹೇಗೆ? ಆ ಹುಡುಗ ಯಾವ ತಂತ್ರಾಂಶವನ್ನೂ ಹಾಕಲಿಲ್ಲ. ನಾನು ಹಾಕಿದ್ದನ್ನು ತೆಗೆದ. ಹಾರ್ಡ್ ಡಿಸ್ಕನ್ನು ಕಳಚಿ 240 ಜಿಬಿಯ ಎಸ್‌ಎಸ್‌ಡಿ ಕೂರಿಸಿದ. 4 ಜಿಬಿಯ ಇನ್ನೊಂದು ಸ್ಮೃತಿಯನ್ನು ಪಕ್ಕದಲ್ಲಿ ಸಿಕ್ಕಿಸಿದ. 2022ರಲ್ಲಿ ಎರಡಕ್ಕೂ ಸೇರಿ ಕೂಲಿಸಹಿತ ನನಗೆ ತಗಲಿದ್ದು ನಾಲ್ಕು ಸಾವಿರ ರೂಪಾಯಿಗೆ ಸ್ವಲ್ಪ ಕಡಮೆ. ಇವುಗಳ ಬೆಲೆ ಏರಿಳಿಯುತ್ತಲೇ ಇರುವುದರಿಂದ ಎರಡು ಅಂಗಡಿಯಲ್ಲಿ ವಿಚಾರಿಸಿಯೇ ಕೊಳ್ಳಿ. ಮಾರನೆಯ ಬೆಳಗ್ಗೆ ಗುಂಡಿ ಒತ್ತಿ ಅಡುಗೆಮನೆಗೆ ಹೊರಟವನನ್ನು ಮನೆಯಾಕೆ ತಡೆದು, “ಏನ್ರೀ, ಅದು ಆಗಲೇ ಎದ್ದು ಕೂತಿದೆ, ಕಾಫಿಗೆ ಇನ್ನೂ ಹಾಲೇ ಕಾದಿಲ್ಲ” ಎಂದಳು.

ಆದರೆ ಎಲ್ಲ ಹಳೆಯ ಯಂತ್ರಕ್ಕೂ ಈ ಖರ್ಚು ತಕ್ಕದ್ದೆಂದು ಹೇಳಲಾರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ಒಂದು ವರ್ಷದ ಹೆಚ್ಚಿನ ಅವಧಿಯನ್ನು, 2026ರ ಅಕ್ಟೋಬರ್ 13ರವರೆಗೆ ಎಂದು, ಗೊತ್ತುಮಾಡಿತು. ವಿಂಡೋಸ್ 11 ಕೇಳುವ ಪ್ರೊಸೆಸರೂ ಟಿಪಿಎಂ 2.0 ಎಂಬ ಭದ್ರತೆಯ ಅಂಗವೂ 2014ರ ಯಂತ್ರಗಳಲ್ಲಿ ಸಾಮಾನ್ಯವಾಗಿ ಇಲ್ಲ. ಅಂಥದರಲ್ಲಿ ಬ್ಯಾಂಕಿನ ವ್ಯವಹಾರ ಮಾಡುವವರು ಯೋಚಿಸಬೇಕು. ಲಿನಕ್ಸ್ ಮಿಂಟ್ ಎಂಬ ಬೆಲೆಯಿಲ್ಲದ ವ್ಯವಸ್ಥೆ ಹಳೆಯ ಯಂತ್ರದಲ್ಲಿಯೂ ಹಗುರವಾಗಿ ಓಡುತ್ತದೆ. ಅದರಲ್ಲಿ ಯೂನಿಕೋಡ್ ಕನ್ನಡವನ್ನು ಬರೆಯಬಹುದು. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ, ಒಗ್ಗಿದರೆ ಇಟ್ಟುಕೊಳ್ಳಬಹುದು. ನನ್ನ ಯಂತ್ರವಂತೂ ಈಗ ಅಂತರಜಾಲದ ಸಂಪರ್ಕವಿಲ್ಲದೆ ಬರವಣಿಗೆಗೆ ಮಾತ್ರ ಮೀಸಲಾಗಿದೆ.

ಕಳೆದುಹೋದ ಪದಗಳಲ್ಲಿ ಕೆಲವನ್ನು ಮಕ್ಕಳ ಹಳೆಯ ನೋಟುಪುಸ್ತಕಗಳಿಂದ ಮತ್ತೆ ಕಲೆಹಾಕಿದೆ. ಎಲ್ಲ ಮಕ್ಕಳೂ ಪುಸ್ತಕವನ್ನು ಉಳಿಸಿಕೊಂಡಿರಲಿಲ್ಲ. ಒಬ್ಬ ಹುಡುಗ ತನ್ನ ತಾತನಿಂದ ಕಪಿಲೆಯ ಬಾವಿಗೆ ಸಂಬಂಧಿಸಿದ ನಲವತ್ತಕ್ಕೂ ಹೆಚ್ಚು ಪದಗಳನ್ನು ಬರೆದು ತಂದಿದ್ದ. ಎತ್ತು ಹಿಂದಕ್ಕೆ ನಡೆಯುವಾಗ ಕೂಗುವ ಕೂಗಿಗೂ ಮುಂದಕ್ಕೆ ನಡೆಯುವಾಗಿನ ಕೂಗಿಗೂ ಬೇರೆ ಬೇರೆ ಹೆಸರಿತ್ತು ಅದರಲ್ಲಿ. ಅವನನ್ನು ಹುಡುಕಿಕೊಂಡು ಹೋದೆ. ಪಾಲಿಟೆಕ್ನಿಕ್ ಓದುತ್ತಿದ್ದ. ನೋಟುಪುಸ್ತಕ ರದ್ದಿಗೆ ಹೋಗಿತ್ತು. ತಾತ ಹಿಂದಿನ ವರ್ಷ ತೀರಿಕೊಂಡಿದ್ದರು. ಜಗಲಿಯ ಮೇಲೆ ಕೂತು ಇಬ್ಬರೂ ನೆನಪು ಮಾಡಿಕೊಂಡೆವು. ಮಿಣಿ ಎಂಬುದರಿಂದ ಆರಂಭವಾಯಿತು. ಸಂಜೆಯ ಹೊತ್ತಿಗೆ ಹನ್ನೊಂದು ಪದಗಳಾದವು. ಆ ಎರಡು ಕೂಗಿನ ಹೆಸರು ಅವನಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ.

ಆ ಹನ್ನೊಂದನ್ನು ಈಗ ಮೂರು ಕಡೆ ಬರೆದಿಟ್ಟಿದ್ದೇನೆ. ಮೂರನೆಯದು ಕಾಗದದ ಮೇಲೆ.